ಬೆಳಗಾವಿಯ ಓಟಗಾರ ಫಡೆಪ್ಪ



ನಾವು ದಿನಾ ನಡೀತೀವಿ. ನೀರಿಗೆ ನಡೀತೀವಿ. ಹೊಲಕ್ಕೆ ನಡೀತೀವಿ. ಬಸ್ಸು ತಪ್ಪಿದರೆ ಹುಡಗಿಯಿಂದ ಹುಮನಾಬಾದಿಗೂ ನಡೀತೀವಿ. ನಮ್ಮ ಕಾಲಿಗೆ ಎಷ್ಟು ಶಕ್ತಿ ಇದೆ ಅಂತ ಯಾರೂ ಅಳೆದಿಲ್ಲ.

ನೂರು ವರ್ಷದ ಹಿಂದೆ ನಮ್ಮ ನಾಡಿನ ಒಬ್ಬರ ಕಾಲಿನ ಶಕ್ತಿಯನ್ನು ಅಳೆದರು. ಅವರ ಹೆಸರು ಫಡೆಪ್ಪ ಚೌಗುಲೆ. ಊರು ಬೆಳಗಾವಿ ಕಡೆ. ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ದೇಶದಲ್ಲಿ ಬ್ರಿಟಿಷರ ಆಳಿಕೆ ಇತ್ತು.

ಪುಣೆಯಲ್ಲಿ ಡೆಕ್ಕನ್ ಜಿಮ್‌ಖಾನಾ ಎಂಬ ಆಟದ ಸಂಸ್ಥೆ ಇದೆ. 1919ರಲ್ಲಿ ಅಲ್ಲಿ ಓಟದ ಪಂದ್ಯ ನಡೆಯಿತು. ಓಡಲು ಬಂದವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಕಾಲಲ್ಲಿ ಬೂಟು ಇಲ್ಲ. ಓಟ ಕಲಿಸಿದ ಗುರು ಇಲ್ಲ. ಆದರೂ ಜೋರಾಗಿ ಓಡಿದರು.

ಪಂದ್ಯ ನೋಡಲು ದೊರಾಬ್ಜಿ ಟಾಟಾ ಬಂದಿದ್ದರು. ಅವರು ದೊಡ್ಡ ಉದ್ಯಮಿ. ಓಟ ನೋಡಿದರೆ ಆಶ್ಚರ್ಯ! ಈ ಬರಿಗಾಲಿನ ಹುಡುಗರು ಹೊರದೇಶದವರಿಗೆ ಸರಿಸಾಟಿ. “ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು?” ಎಂದು ಅವರಿಗೆ ಅನ್ನಿಸಿತು.

ಒಲಿಂಪಿಕ್ಸ್ ಅಂದರೆ ಏನು? ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆಟದ ದೊಡ್ಡ ಜಾತ್ರೆ. ಬೇರೆ ಬೇರೆ ದೇಶದವರು ಅಲ್ಲಿ ಸೇರುತ್ತಾರೆ. ಅಲ್ಲಿಯತನಕ ಭಾರತದಿಂದ ಒಂದು ತಂಡ ಹೋಗಿರಲಿಲ್ಲ.

ಹಣ ಬೇಕಲ್ಲ? ಟಾಟಾ ತಮ್ಮ ಹಣ ಕೊಟ್ಟರು. ಸರ್ಕಾರವೂ ಒಂದಿಷ್ಟು ಕೊಟ್ಟಿತು. 1920ರಲ್ಲಿ ಆರು ಜನ ಆಟಗಾರರು ಹಡಗು ಹತ್ತಿದರು. ನಾಲ್ಕು ಮಂದಿ ಓಟಗಾರರು. ಇಬ್ಬರು ಪೈಲ್ವಾನರು. ಓಟಗಾರರಲ್ಲಿ ಇಬ್ಬರು ಇಂದಿನ ಕರ್ನಾಟಕದವರು. ಒಬ್ಬರು ಫಡೆಪ್ಪ. ಇನ್ನೊಬ್ಬರು ಹುಬ್ಬಳ್ಳಿಯ ಕೈಕಾಡಿ.

ಮೊದಲು ಇಂಗ್ಲೆಂಡಿಗೆ ಹೋದರು. ಅಲ್ಲಿ ಕೆಲವು ವಾರ ಓಟ ಕಲಿತರು. ಆಮೇಲೆ ಬೆಲ್ಜಿಯಂ ದೇಶದ ಆಂಟ್ವರ್ಪ್ ಪಟ್ಟಣಕ್ಕೆ ಹೋದರು. ಗೊತ್ತಿಲ್ಲದ ಊರು. ತಿಳಿಯದ ಮಾತು. ನಮ್ಮ ರೊಟ್ಟಿ ಪಲ್ಯ ಅಲ್ಲಿ ಎಲ್ಲಿ ಸಿಗಬೇಕು?

1920ರ ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ಮ್ಯಾರಥಾನ್ ಅಂದರೆ ಬಹಳ ದೂರದ ಓಟ. ಆ ದಿನ ಓಡಬೇಕಾದ ದೂರ 42 ಕಿಲೋಮೀಟರಿಗಿಂತ ಹೆಚ್ಚು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗಿ, ಹೆಚ್ಚುಕಡಿಮೆ ಅರ್ಧ ಹಾದಿ ತಿರುಗಿ ಬಂದಷ್ಟು ದೂರ! ನಡುವೆ ಕೂಡುವಂತಿಲ್ಲ. ಮೇಲೆ ಮಳೆ, ಚಳಿ.

ಫಡೆಪ್ಪ ಓಡಿದರು. ಒಂದೊಂದು ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷ. ನಾವು ಬಿರುಸಾಗಿ ನಡೆದರೂ ಅಷ್ಟು ದೂರಕ್ಕೆ ಹತ್ತು ನಿಮಿಷವಾದರೂ ಬೇಕು. ಅದೇ ವೇಗದಲ್ಲಿ ಅವರು 2 ತಾಸು 50 ನಿಮಿಷ ಓಡಿದರು. ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಭಾರತದ ಇನ್ನೊಬ್ಬ ಓಟಗಾರ, ಸಾತಾರೆಯ ದಾತಾರ್, ನಡುವೆಯೇ ನಿಲ್ಲಬೇಕಾಯಿತು.

ಮೊದಲು ಬಂದವರು ಫಿನ್ಲೆಂಡ್ ದೇಶದ ಕೋಲೆಮೈನೆನ್. ಅವರು ಇಟ್ಟಿಗೆ ಕಟ್ಟುವ ಗೌಂಡಿ ಕೆಲಸ ಮಾಡಿದವರು. ಫಡೆಪ್ಪ ಅವರಿಗಿಂತ 18 ನಿಮಿಷ ಹಿಂದೆ ಬಂದರು, ಅಷ್ಟೇ.

ಫಡೆಪ್ಪನವರಿಗೆ ಪದಕ ಸಿಗಲಿಲ್ಲ. ಹಾಗಂತ ಅದು ಸೋಲೇ? ಅಲ್ಲ. ಅವರ ತಂಡ ಹಾದಿ ತೆರೆಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ಟಾಟಾ ಅದರ ಅಧ್ಯಕ್ಷರಾದರು.

ಆದರೆ ಒಂದು ಮಾತು ಕೇಳಿರಿ. 1920ರ ಆ ಜಾತ್ರೆಯಲ್ಲಿ ಹೆಂಗಸರಿಗೆ ಓಟದ ಪಂದ್ಯವೇ ಇರಲಿಲ್ಲ! 1928ರಲ್ಲಿ ಮೊದಲ ಸಲ ಹೆಂಗಸರು ಓಡಿದರು. ಆಗ 800 ಮೀಟರ್ ಓಟವೂ ಇತ್ತು. “ಹೆಂಗಸರ ಮೈ ಇದನ್ನು ತಾಳುವುದಿಲ್ಲ” ಎಂದು ಅದನ್ನು ತೆಗೆದುಹಾಕಿದರು. ಅದು ತಿರುಗಿ ಬಂದದ್ದು 1960ರಲ್ಲಿ.

ತಲೆ ಮೇಲೆ ಎರಡು ಕೊಡ, ಬಗಲಲ್ಲಿ ಕೂಸು. ಹಿಂಗ ನಡೆಯೋ ನಮ್ಮನ್ನ ಒಮ್ಮೆ ನೋಡಿದ್ದರೆ ಅವರು ಹಾಗೆ ಅಂತಿದ್ದರೇನು?

ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ಅಮೆರಿಕದ ಜೋನ್ ಬೆನಾಯ್ಟ್ ಗೆದ್ದರು. ಅವರಿಗೆ ಹಿಡಿದದ್ದು 2 ತಾಸು 24 ನಿಮಿಷ 52 ಸೆಕೆಂಡು. 1920ರಲ್ಲಿ ಮೊದಲು ಬಂದ ಗಂಡಸಿಗಿಂತ ಅವರ ಓಟ ಜೋರು! ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಕೂಡ ಓಟದಲ್ಲಿ ಹೆಸರು ಮಾಡಿದರು. 1988ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ಫಡೆಪ್ಪನವರ ಓಟ ನಮಗೆ ಇಂದು ಹೇಗೆ ಗೊತ್ತಾಯಿತು? ಅಂದು ಯಾರೋ ಗಡಿಯಾರ ನೋಡಿ ಬರೆದಿಟ್ಟರು. ಹೆಸರು ಬರೆದರು. ನಿಮಿಷ ಬರೆದರು. ಎಷ್ಟನೆಯವರು ಅಂತ ಬರೆದರು. ಅದಕ್ಕೇ ಉಳಿಯಿತು. ಊರ ಜಾತ್ರೆಯಲ್ಲಿ ಓಡಿ ಗೆದ್ದವರು ಎಷ್ಟೋ ಮಂದಿ. ಬರೆಯುವವರು ಇಲ್ಲದೆ ಅವರ ಹೆಸರು ಮಣ್ಣಾಯಿತು.

ಈಗ ನಿಮಗೆ ಅಕ್ಷರ ಬಂದಿದೆ. ನಿಮ್ಮ ಮಗಳು ಶಾಲೆಯಲ್ಲಿ ಓಡುತ್ತಾಳೆಯೇ? ಓಡಲಿ ಬಿಡಿ. “ಹೆಣ್ಣು ಹುಡುಗಿ, ಓಡಬ್ಯಾಡ” ಅನ್ನಬೇಡಿ. ಅವಳು ಎಷ್ಟು ದೂರ ಓಡಿದಳು, ಎಷ್ಟು ನಿಮಿಷ ಹಿಡಿಯಿತು, ನೀವೇ ಬರೆದಿಡಿ.

ಯೋಚಿಸಿ, ಮಾತಾಡಿ:

1. ಫಡೆಪ್ಪನವರ ಓಟವನ್ನು ಗೆಲುವು ಅನ್ನಬಹುದೇ? ಯಾಕೆ?

2. ನೀವು ದಿನಕ್ಕೆ ಎಷ್ಟು ದೂರ ನಡೆಯುತ್ತೀರಿ? ಲೆಕ್ಕ ಹಾಕಿ ಬರೆಯಿರಿ.

3. ನಿಮ್ಮ ಊರಲ್ಲಿ ಹುಡುಗಿಯರಿಗೆ ಆಡಲು ಜಾಗ ಇದೆಯೇ? ಇಲ್ಲದಿದ್ದರೆ ಯಾರನ್ನು ಕೇಳಬೇಕು?