ಟ್ರ್ಯಾಕ್ಟರ್ ರೇಡಿಯೇಟರಿನ ಒತ್ತಡ ದೋಷ: ಪತ್ತೆ ಹೇಗೆ?

ಉಳುಮೆ ಜೋರಾಗಿರುವಾಗ ಟ್ರ್ಯಾಕ್ಟರಿನ ನೀರು ಕುದಿದು ಹೊರಚೆಲ್ಲಿದರೆ ಭೂಮಿಯ ಹದ ತಪ್ಪುವ ಚಿಂತೆ ಒಂದೆಡೆ, ಎಂಜಿನ್ ಹಿಡಿದುಕೊಳ್ಳುವ ಭಯ ಇನ್ನೊಂದೆಡೆ. ಇಂಥ ವೇಳೆ ಬಹಳ ಮಂದಿ ರೇಡಿಯೇಟರನ್ನೇ ಬಿಚ್ಚಿಸಿ ರಿಪೇರಿಗೆ ಕಳುಹಿಸುತ್ತಾರೆ. ದೋಷ ಎಷ್ಟೋ ಸಲ ಅದರ ಮುಚ್ಚಳದಲ್ಲಿರುತ್ತದೆ.

ಮುಚ್ಚಳದ ಕೆಲಸ ನೀರು ತುಳುಕದಂತೆ ತಡೆಯುವುದಷ್ಟೇ ಅಲ್ಲ. ಅದರಲ್ಲಿರುವ ಸ್ಪ್ರಿಂಗ್ ಕವಾಟವು ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಸುತ್ತಮುತ್ತ 97ರಲ್ಲೇ ಕುದಿಯುತ್ತದೆ. ಚದರ ಅಂಗುಲಕ್ಕೆ 7 ಪೌಂಡಿನ ಮುಚ್ಚಳವಿದ್ದರೆ ಈ ಮಟ್ಟ 10 ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ವಾಷರ್ ಹರಿದು, ಸ್ಪ್ರಿಂಗ್ ಸಡಿಲವಾದರೆ ಆ ಲಾಭವೆಲ್ಲ ಹೋಯಿತು. ಮುಚ್ಚಳ ತೆಗೆದಿಟ್ಟು, ಬಾಯಿಗೆ ಬಟ್ಟೆ ತುರುಕಿ ಓಡಿಸುವುದೂ ಅಷ್ಟೇ.

ಎಂಜಿನ್ ಪೂರ್ಣ ತಣ್ಣಗಾದ ಮೇಲೆಯೇ ಪರೀಕ್ಷೆಗೆ ತೊಡಗಬೇಕು. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮೊದಲು ವಾಷರನ್ನೂ ಅದು ಕೂರುವ ಅಂಚನ್ನೂ ನೋಡಬೇಕು. ಆಮೇಲೆ ಹೋಸ್ ಪೈಪುಗಳ ಕ್ಲಿಪ್ಪು, ನೀರಿನ ಪಂಪಿನ ಕೆಳಗಿನ ಜಿನುಗು. ವರ್ಕ್‌ಶಾಪಿನಲ್ಲಿ ಕೈಪಂಪಿನ ಒತ್ತಡ ಮಾಪಕವಿದ್ದರೆ ಮುಚ್ಚಳದ ಮೇಲೆ ಅಚ್ಚೊತ್ತಿದ ಅಂಕಿಯಷ್ಟು ಒತ್ತಡ ತುಂಬಿ ಕಾಯಬೇಕು. ಮುಳ್ಳು ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ. ಮುಚ್ಚಳವನ್ನೂ ಅದೇ ಮಾಪಕಕ್ಕೆ ಜೋಡಿಸಿ ಬೇರೆಯಾಗಿ ನೋಡಬಹುದು.

ಇನ್ನೊಂದು ದೋಷ ಇದಕ್ಕೆ ವಿರುದ್ಧವಾದುದು, ಹೆಚ್ಚು ಅಪಾಯದ್ದು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಪೈಪು ಗಟ್ಟಿಯಾಗಿ ಉಬ್ಬಿದರೆ ಅದು ಬಿಸಿಯಿಂದ ಬಂದ ಒತ್ತಡವಲ್ಲ. ಸಿಲಿಂಡರಿನೊಳಗಿನ ಹೊಗೆ ನೀರಿಗೆ ನುಗ್ಗುತ್ತಿರಬೇಕು. ಖಚಿತಪಡಿಸಿಕೊಳ್ಳಲು, ತಣ್ಣಗಿರುವ ಎಂಜಿನ್ನಿನ ಮುಚ್ಚಳ ತೆಗೆದು, ನೀರು ಬಾಯಿಮಟ್ಟ ತುಂಬಿ, ಚಾಲೂ ಮಾಡಿ, ಫ್ಯಾನಿನಿಂದ ದೂರ ನಿಂತು ನೋಡಬೇಕು. ಆರಂಭದ ನಾಲ್ಕಾರು ಗುಳ್ಳೆಗಳು ಸಿಕ್ಕಿಕೊಂಡ ಗಾಳಿಯವು, ಅವು ನಿಲ್ಲುತ್ತವೆ. ನಿಲ್ಲದೆ ಬಂದು, ವೇಗ ಹೆಚ್ಚಿಸಿದಂತೆ ಗುಳ್ಳೆಗಳೂ ಹೆಚ್ಚಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು ಅಥವಾ ಹೆಡ್ ಬಿರುಕು ಬಿಟ್ಟಿರಬಹುದು. ಎಂಜಿನ್ ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ. ಆ ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಲೇಬಾರದು. ಇಂಥದಕ್ಕೆ ಎಷ್ಟು ಹೊಸ ಮುಚ್ಚಳ ಕೊಂಡರೂ ಹಣ ದಂಡ.

ಎಂಜಿನ್ ಆರಿದ ಮೇಲೆ ಹೋಸ್ ಪೈಪು ಚಪ್ಪಟೆಯಾಗುತ್ತಿದ್ದರೆ ಮುಚ್ಚಳದ ನಡುವಿನ ಸಣ್ಣ ಕವಾಟ ಅಂಟಿಕೊಂಡಿದೆಯೇ ಎಂದು ನೋಡಬೇಕು. ತಣಿಯುವಾಗ ಗಾಳಿಯನ್ನೋ ನೀರನ್ನೋ ಒಳಕ್ಕೆ ಬಿಡುವುದು ಅದೇ. ಬದಲಿ ಮುಚ್ಚಳ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಯನ್ನೇ ಕೇಳಿ ಪಡೆಯಬೇಕು. ಹೆಚ್ಚು ಒತ್ತಡದ್ದು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡುತ್ತದೆ.