ಬಸ್ಸು ಹೊರಡುವ ಮುನ್ನ

ಮಕ್ಕಳು ಪರವೂರಿನ ಕ್ರೀಡಾಕೂಟಕ್ಕೆ ಹೊರಟರೆಂದರೆ ಬುತ್ತಿ ಕಟ್ಟಿದೆವೇ, ನೀರಿನ ಬಾಟಲಿ ಇಟ್ಟೆವೇ, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದೇ ತಾಯಂದಿರ ಚಿಂತೆ. ಬ್ಯಾಗಿನೊಳಗಿರಬೇಕಾದ ಕಾಗದಗಳ ನೆನಪು ನಮಗೆ ಬರುವುದು ಕಡಿಮೆ. ಒಂದು ಕಾಗದದ ಕೊರತೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಅಮೆರಿಕದ ಓಹಿಯೋ ರಾಜ್ಯದ ಈ ಘಟನೆಯೇ ಸಾಕ್ಷಿ.

ಅಲ್ಲಿನ ಹೈಸ್ಕೂಲುಗಳಲ್ಲಿ ಕ್ರಾಸ್ ಕಂಟ್ರಿ ಎಂಬ ಓಟವಿದೆ. ಹುಲ್ಲುಹಾಸು, ಏರುತಗ್ಗುಗಳ ದಾರಿಯಲ್ಲಿ 5 ಕಿಲೋಮೀಟರ್ ಓಡಬೇಕು. ತಂಡದ ಮೊದಲ ಐವರು ಗಳಿಸಿದ ಸ್ಥಾನಗಳನ್ನು ಕೂಡಿಸಿ ಫಲಿತಾಂಶ ಹೇಳುತ್ತಾರೆ. ಕಡಿಮೆ ಅಂಕ ಪಡೆದವರೇ ವಿಜಯಿಗಳು. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಸ್ಪರ್ಧೆಗಳ ಕಾಲ. ಹೆಚ್ಚಿನವು ಶನಿವಾರ, ಬೇರೆ ಬೇರೆ ಊರುಗಳಲ್ಲಿ. ಓಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಬಸ್ಸು ಹೊರಡುವ ವೇಳೆಯನ್ನು ನಿರ್ಧರಿಸಬೇಕು. ಓಟದ ದಾರಿಯನ್ನೊಮ್ಮೆ ನಡೆದು ನೋಡಲು, ಮೈ ಬಿಸಿ ಮಾಡಿಕೊಳ್ಳಲು ಸಮಯ ಉಳಿಯಬೇಕು. ಋತುವಿನ ಕೊನೆಗೆ ಜಿಲ್ಲಾ, ಪ್ರಾದೇಶಿಕ, ರಾಜ್ಯ ಮಟ್ಟದ ಸ್ಪರ್ಧೆಗಳು ವಾರಕ್ಕೊಂದರಂತೆ ಬರುತ್ತವೆ. ಆಗ ತಪ್ಪು ತಿದ್ದಿಕೊಳ್ಳಲು ಪುರುಸೊತ್ತಿಲ್ಲ.

2019ರ ಅಕ್ಟೋಬರ್‌ನಲ್ಲಿ 16ರ ಹರೆಯದ ನೂರ್ ಅಲೆಕ್ಸಾಂಡ್ರಿಯಾ ಅಬೂಕರಮ್ ಜಿಲ್ಲಾ ಸ್ಪರ್ಧೆಗೆಂದು ತಂಡದ ಜೊತೆ ಫಿಂಡ್ಲೆ ನಗರಕ್ಕೆ ಹೋದಳು. ಹಿಜಾಬ್ ಧರಿಸಿಯೇ 22 ನಿಮಿಷ 22 ಸೆಕೆಂಡುಗಳಲ್ಲಿ ಗುರಿ ಮುಟ್ಟಿದಳು. ಆದರೆ ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ! ತಲೆವಸ್ತ್ರಕ್ಕೆ ಮುಂಗಡ ಅನುಮತಿ ಪತ್ರ ಪಡೆದಿರಲಿಲ್ಲ ಎಂಬ ಕಾರಣಕ್ಕೆ ಅವಳನ್ನು ಅನರ್ಹಗೊಳಿಸಲಾಗಿತ್ತು. ಆ ಋತುವಿನ ಹಿಂದಿನ ಓಟಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಪತ್ರವಿಲ್ಲವೆಂಬ ವಿಷಯ ಓಟಕ್ಕೆ ಮುನ್ನವೇ ಕೋಚ್‌ಗೆ ತಿಳಿದಿತ್ತು. ಹುಡುಗಿಯ ಮನಸ್ಸು ಕೆಡದಿರಲೆಂದು ಅವಳಿಗೆ ಹೇಳಿರಲಿಲ್ಲ. ಅನುಮತಿ ದೊರೆತ ಮೇಲೆ ಅವಳು ಪ್ರಾದೇಶಿಕ ಸ್ಪರ್ಧೆಯಲ್ಲಿ ಓಡಿದಳು.

ನೂರ್ ಅತ್ತು ಸುಮ್ಮನಾಗಲಿಲ್ಲ. ತನ್ನ ತಂಗಿಯರಂಥ ಹುಡುಗಿಯರಿಗೆ ಇಂಥ ಗತಿ ಬರಬಾರದೆಂದು ಶಾಸಕರ ಮುಂದೆ ನಿಂತು ಮಾತನಾಡಿದಳು. 2022ರಲ್ಲಿ ಓಹಿಯೋದಲ್ಲಿ ಹೊಸ ಕಾನೂನಿಗೆ ಗವರ್ನರ್ ಸಹಿ ಬಿತ್ತು. ಧಾರ್ಮಿಕ ಉಡುಪು ಧರಿಸಿ ಆಡಲು ಅಲ್ಲಿ ಈಗ ಮುಂಗಡ ಅನುಮತಿ ಪತ್ರ ಬೇಕಿಲ್ಲ.

ನಿಯಮ ಬದಲಾಗಲು ವರ್ಷಗಳೇ ಬೇಕು. ಆದರೆ ನಿಯಮವೇನೆಂದು ಕೇಳಿ ತಿಳಿಯಲು ಒಂದು ನಿಮಿಷ ಸಾಕು. ನಿಮ್ಮ ಮಗಳು ಸ್ಪರ್ಧೆಗೆ ಹೊರಟಾಗ ಉಡುಪಿನ ನಿಯಮವೇನು, ಯಾವ ಪತ್ರ ಬೇಕು, ಕೊಡುವವರು ಯಾರು ಎಂದು ಶಿಕ್ಷಕರಲ್ಲಿ ವಾರ ಮೊದಲೇ ವಿಚಾರಿಸಿ. ಉತ್ತರ ಕಹಿಯಾಗಿದ್ದರೂ ಮಗಳಿಂದ ಮುಚ್ಚಿಡಬೇಡಿ. ಓಡುವವಳು ಅವಳು, ತಿಳಿಯುವ ಹಕ್ಕೂ ಅವಳದೇ.