ವುಡ್ ಚಿಪ್ಪರ್ ಪಕ್ಕದ ಹರಟೆ

ಬಿಳಿ ಕಾಲುಚೀಲ ತೊಟ್ಟ ಕಾಲೊಂದು ಯಂತ್ರದ ಬಾಯಿಂದ ಮೇಲಕ್ಕೆ ಚಾಚಿಕೊಂಡಿದೆ. ಮಿಕ್ಕ ಮೈ ಆಗಲೇ ಒಳಗೆ ಹೋಗಿ ಪುಡಿಯಾಗಿದೆ ಎಂದು ನೋಡುವವರು ತಿಳಿದುಕೊಳ್ಳಬೇಕು. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜಿ, ತಲೆಗೆ ಕಿವಿ ಮುಚ್ಚುವ ತುಪ್ಪಳದ ಟೋಪಿ. ಪಾದವನ್ನು ಒಳಕ್ಕೆ ಒತ್ತುವಂತೆ ನಟಿಸುತ್ತಾ ಆಕೆ ಮೊಬೈಲಿನ ಕಡೆ ತಿರುಗಿ ಹಲ್ಲು ಬಿಡುತ್ತಾರೆ. 'ನಗಬೇಡಮ್ಮ, ನೀನೀಗ ಕೊಲೆಗಾರ್ತಿ' ಎಂದು ಮಗಳು ಗದರುತ್ತಾಳೆ. ಹಿಂದೆ ಕಾಯುತ್ತಿದ್ದವರೆಲ್ಲ ಗೊಳ್ಳೆನ್ನುತ್ತಾರೆ.

ಇದು ಅಮೆರಿಕದ ನಾರ್ತ್ ಡಕೋಟ ರಾಜ್ಯದ ಫಾರ್ಗೋ ನಗರದ ಪ್ರವಾಸಿ ಮಾಹಿತಿ ಕೇಂದ್ರ. ಮರದ ಕೊಂಬೆಗಳನ್ನು ಚೂರು ಮಾಡುವ ವುಡ್ ಚಿಪ್ಪರ್ ಒಂದನ್ನು ಊರಿನ ಹೆಮ್ಮೆಯೆಂಬಂತೆ ಇಲ್ಲಿ ಇಟ್ಟಿದ್ದಾರೆ. ಜೋಯಲ್ ಮತ್ತು ಈಥನ್ ಕೋಯೆನ್ ಸಹೋದರರ 'ಫಾರ್ಗೋ' (1996) ಚಿತ್ರದಲ್ಲಿ ಬಳಸಿದ ಅಸಲಿ ಯಂತ್ರವೇ ಒಳಗಿದೆ. ಅದರ ತದ್ರೂಪು ಹೊರಗೆ, ಕೇಂದ್ರ ಮುಚ್ಚಿದ ಮೇಲೆ ಬಂದವರಿಗೆ. ಟೋಪಿಯನ್ನು ಕೇಂದ್ರದವರೇ ಕೊಡುತ್ತಾರೆ. ಹೆಣ ಪುಡಿ ಮಾಡಿದ ಯಂತ್ರದ ಮುಂದೆ ಇಷ್ಟು ಸೌಜನ್ಯದಿಂದ ನಡೆದುಕೊಳ್ಳುವ ಜನರನ್ನು ಬೇರೆಲ್ಲೂ ಕಾಣಲಾರೆವು. 'ನೀವು ಮೊದಲು ಹೋಗಿ', 'ಇಲ್ಲ ಇಲ್ಲ, ನೀವೇ ಹೋಗಿ', 'ಕಾಲು ನೆಟ್ಟಗಿದೆಯೇ ನೋಡಿ'.

ಫೋಟೊ ಮುಗಿದ ಮೇಲೂ ಜನ ಹೊರಡುವುದಿಲ್ಲ. ಹೊರಗೆ ಮೂಗು ಮರಗಟ್ಟುವ ಚಳಿ, ಒಳಗೆ ಬೆಚ್ಚಗಿದೆ, ಪಕ್ಕದಲ್ಲಿರುವವರೂ ಆ ಚಿತ್ರ ನೋಡಿದವರೇ. ಮಾತು ತಾನಾಗಿ ಹುಟ್ಟುತ್ತದೆ.

ಶಿಕಾಗೋದಿಂದ ಕಾರಿನಲ್ಲಿ ಬಂದ ಯುವಕನೊಬ್ಬನದು ಮೊದಲ ತಕರಾರು: 'ಇಷ್ಟು ದೂರ ಬಂದರೆ ಇಲ್ಲಿ ಸಿನಿಮಾದ ಒಂದು ಜಾಗವೂ ಇಲ್ಲವಲ್ಲ!' ನಿಜವೇ. ಕಥೆಯಲ್ಲಿ ಫಾರ್ಗೋ ಬರುವುದು ಆರಂಭದ ಒಂದು ಬಾರ್ ದೃಶ್ಯದಲ್ಲಿ ಮಾತ್ರ, ಅದನ್ನೂ ಚಿತ್ರೀಕರಿಸಿದ್ದು ಮಿನಿಯಾಪೊಲಿಸ್‌ನಲ್ಲಿ. ಉಳಿದ ಕಥೆ ಹೆಚ್ಚುಕಡಿಮೆ ಎಲ್ಲ ಮಿನ್ನೆಸೋಟ ರಾಜ್ಯದ್ದು. ಆ ವರ್ಷ ಅಲ್ಲಿ ಹಿಮ ಸಾಲದೆ ತಂಡ ಹಿಮ ಹುಡುಕಿಕೊಂಡು ನಾರ್ತ್ ಡಕೋಟದ ಉತ್ತರದ ಅಂಚಿಗೆ ಓಡಿತ್ತು. ಇದು 1987ರಲ್ಲಿ ಮಿನ್ನೆಸೋಟದಲ್ಲಿ ನಡೆದ ನಿಜ ಘಟನೆ ಎಂದು ತೆರೆಯ ಮೇಲೆ ಗಂಭೀರವಾಗಿ ಬರುವ ಒಕ್ಕಣೆಯೂ ಸುಳ್ಳು. ಚಿತ್ರದ ಸಂಕಲನಕಾರ ರೋಡರಿಕ್ ಜೇನ್ಸ್ ಅಂತೂ ಹುಟ್ಟೇ ಇಲ್ಲ. ಅದು ಅಣ್ಣತಮ್ಮಂದಿರು ತಮಗೆ ಇಟ್ಟುಕೊಂಡ ಕಳ್ಳಹೆಸರು. ಆ ಇಲ್ಲದ ಮನುಷ್ಯ ಎರಡು ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡ. ಇದನ್ನು ಹೇಳುವಾಗ ಅಭಿಮಾನಿಗಳ ಕಣ್ಣಲ್ಲಿ ಮಿಂಚು. ಮೋಸ ಹೋಗಿದ್ದನ್ನು ಸಂಭ್ರಮಿಸುವ ಜನ!

ಆದರೆ ನಿಜವಾದ ಜಗಳ ಬೇರೆಯದು. ಈ ಅಣ್ಣತಮ್ಮಂದಿರು ಇಲ್ಲಿನ ಸಾಧು ಜನರನ್ನು ಗೇಲಿ ಮಾಡಿದ್ದಾರೆಯೇ? ಚಿತ್ರ ಬಂದಾಗ ಈ ಸೀಮೆಯವರು ಮುನಿಸಿಕೊಂಡಿದ್ದುಂಟು. ಮಾತು ಮಾತಿಗೆ 'ಯಾ, ಯಾ' ಎಂದು ರಾಗ ಎಳೆಯುವ ಪೆದ್ದರ ಹಾಗೆ ನಮ್ಮನ್ನು ತೋರಿಸಿದ್ದಾರೆ ಎಂಬ ದೂರು. ಈಗಲೂ ಅದೇ ಮಾತನ್ನು ಹೇಳುವ ಹಿರಿಯರೊಬ್ಬರು ಅಂದು ಅಲ್ಲಿದ್ದರು. 'ನಾವು ಹಾಗೆ ಮಾತಾಡುವುದೇ ಇಲ್ಲ' ಎಂದರು, ಚಿತ್ರದವರ ರಾಗದಲ್ಲೇ. ಅವರ ಹೆಂಡತಿ ಅತ್ತ ತಿರುಗಿ ಕೆಮ್ಮಿದರು.

ಟೋಪಿ ತೆಗೆದಿಟ್ಟು ಬಂದ ಅಜ್ಜಿ ಇದಕ್ಕೆ ಉತ್ತರವಾಗಿ ಒಂದು ದೃಶ್ಯವನ್ನು ಅಭಿನಯಿಸಿಯೇ ತೋರಿಸಿದರು. ಜೆರ್ರಿ ಲುಂಡೆಗಾರ್ಡ್ ಕಾರು ಮಾರುವವನು. ಹೆಂಡತಿಯನ್ನು ತಾನೇ ಅಪಹರಣ ಮಾಡಿಸಿ ಮಾವನಿಂದ ಹಣ ಕೀಳುವ ಹುನ್ನಾರ ಅವನದು. ಮಾವನ ಹತ್ತಿರ ವ್ಯವಹಾರವೊಂದರಲ್ಲಿ ಮುಖಭಂಗವಾಗಿ ಅವನು ಹೊರಗೆ ಬರುತ್ತಾನೆ. ಖಾಲಿ ಪಾರ್ಕಿಂಗ್, ಕಾರಿನ ಗಾಜಿನ ತುಂಬ ಮಂಜುಗಡ್ಡೆ. ಕೆರೆಯಲು ತೊಡಗುತ್ತಾನೆ. ಥಟ್ಟನೆ ರೋಷ ಉಕ್ಕಿ ಕೆರೆಯುವ ಕಡ್ಡಿಯನ್ನು ಬೀಸಿ, ಬಡಿದು, ಕೈಕಾಲು ಝಾಡಿಸುತ್ತಾನೆ. ಆಮೇಲೆ? ಸುಮ್ಮನಾಗಿ ಮತ್ತೆ ಗಾಜು ಕೆರೆಯುತ್ತಾನೆ. ಮನೆಗೆ ಹೋಗಬೇಕಲ್ಲ! 'ನಮ್ಮಪ್ಪ ಥೇಟ್ ಹೀಗೇ ಇದ್ದ' ಎಂದರು ಅಜ್ಜಿ. 'ಇಲ್ಲಿ ಹುಟ್ಟದವನಿಗೆ ಇದು ಹೊಳೆಯುವುದಿಲ್ಲ.'

ನಾನು ಅಜ್ಜಿಯ ಕಡೆಗೆ. ಕೋಯೆನ್‌ಗಳು ಬೆಳೆದದ್ದು ಮಿನಿಯಾಪೊಲಿಸ್ ಪಕ್ಕದ ಸೇಂಟ್ ಲೂಯಿಸ್ ಪಾರ್ಕ್‌ನಲ್ಲಿ. ಅವರು ನಗುವುದು ಆಡಿಕೊಳ್ಳುವ ನೆರೆಯವರಂತಲ್ಲ, ಮನೆಯೊಳಗಿನವರಂತೆ. ನಮ್ಮ ಹಳೆಯ ಕನ್ನಡ ಚಿತ್ರಗಳಲ್ಲಿ ಹಾಸ್ಯಕ್ಕೊಂದು ಪ್ರತ್ಯೇಕ ಟ್ರ್ಯಾಕ್. ಹಾಸ್ಯನಟ ಬಂದು ಹೋದ ಮೇಲೆ ಸಾವು ನೋವು. ಇವರಲ್ಲಿ ಎರಡೂ ಒಂದೇ ಚೌಕಟ್ಟಿನಲ್ಲಿ. ತುಂಬು ಬಸುರಿ ಪೊಲೀಸ್ ಮುಖ್ಯಸ್ಥೆ ಮಾರ್ಜ್ ಹಿಮದಲ್ಲಿ ಮಗುಚಿಬಿದ್ದ ಕಾರನ್ನೂ ಹೆಣವನ್ನೂ ಪರಿಶೀಲಿಸುತ್ತಾ ಒಮ್ಮೆಲೆ ಬಗ್ಗುತ್ತಾಳೆ. ಏನಾದರೂ ಸುಳಿವು ಸಿಕ್ಕಿತೇ ಎಂದು ಜೊತೆಯವನು ಕೇಳಿದರೆ, ವಾಂತಿ ಬಂದ ಹಾಗಾಯಿತು ಎನ್ನುತ್ತಾಳೆ. ಅರೆಗಳಿಗೆಯಲ್ಲಿ ಅದು ಹೋಗಿ ಅವಳಿಗೆ ಹಸಿವೆ! ಈ ಪಾತ್ರಕ್ಕೆ ಫ್ರಾನ್ಸೆಸ್ ಮೆಕ್‌ಡೋರ್ಮಂಡ್‌ಗೆ ಆಸ್ಕರ್ ಬಂತು, ಚಿತ್ರಕಥೆಗೆ ಅಣ್ಣತಮ್ಮಂದಿರಿಗೆ ಇನ್ನೊಂದು.

ಹಾಗೆಂದು ಅವರ ಎಲ್ಲ ಚಿತ್ರಗಳಿಗೂ ಮನೆಯವರ ನಗುವಿನ ಈ ಮಾತು ಸಲ್ಲದು. 'ಬರ್ನ್ ಆಫ್ಟರ್ ರೀಡಿಂಗ್'ನಲ್ಲಿ ಒಬ್ಬರ ಮೇಲೂ ಮಮಕಾರ ಹುಟ್ಟುವುದಿಲ್ಲ. 'ದಿ ಲೇಡಿಕಿಲ್ಲರ್ಸ್' ಬಗ್ಗೆ ಅಭಿಮಾನಿಗಳೇ ಸುಮ್ಮನಿರುತ್ತಾರೆ.

ಮೈಕ್ ಯನಗೀಟನ ಹೆಸರು ಬಂದರೆ ಮಾತ್ರ ಯಾರೂ ಸುಮ್ಮನಿರುವುದಿಲ್ಲ. ಅವನು ಮಾರ್ಜ್‌ಳ ಹಳೆಯ ಸಹಪಾಠಿ. ತನಿಖೆಯ ನಡುವೆ ಹೋಟೆಲೊಂದರಲ್ಲಿ ಆಕೆಯನ್ನು ಭೇಟಿಯಾಗಿ, ಮೈಗೆ ಅಂಟಿ ಕೂರಲು ನೋಡಿ, ಸತ್ತ ಹೆಂಡತಿಯ ಕಥೆ ಹೇಳಿ ಗಳಗಳ ಅಳುತ್ತಾನೆ. ಆಮೇಲೆ ಗೆಳತಿಯ ಫೋನಿನಿಂದ ತಿಳಿಯುತ್ತದೆ: ಆ ಹೆಂಗಸು ಸತ್ತಿಲ್ಲ, ಇವನನ್ನು ಮದುವೆಯೇ ಆಗಿರಲಿಲ್ಲ. ಕೊಲೆಗೂ ಇದಕ್ಕೂ ಸಂಬಂಧವಿಲ್ಲ. 'ಕತ್ತರಿಸಿ ಎಸೆಯಬೇಕಿತ್ತು' ಎಂದ ಶಿಕಾಗೋದವನು. 'ಇಲ್ಲ ಮಾರಾಯ' ಎಂದು ಅವನ ಗೆಳೆಯನೇ ಎದುರು ನಿಂತ. 'ಇಷ್ಟು ಮೆತ್ತಗಿನ ಮನುಷ್ಯನೂ ಸುಳ್ಳು ಹೇಳಬಲ್ಲ ಎಂದು ಅವಳಿಗೆ ಗೊತ್ತಾಗಿದ್ದು ಆಗಲೇ. ಮರುಘಳಿಗೆ ಕಾರು ತಿರುಗಿಸಿ ಜೆರ್ರಿಯನ್ನು ಮತ್ತೆ ವಿಚಾರಿಸಲು ಹೋಗುತ್ತಾಳೆ, ನೋಡಿಲ್ಲವಾ?' ಇದು ಅಭಿಮಾನಿಗಳ ಬಲವಾದ ವಾದ, ನನಗೂ ಒಪ್ಪಿಗೆ. ಆದರೆ ಅಜ್ಜಿಗೆ ಇಷ್ಟೊಂದು ಲೆಕ್ಕಾಚಾರ ಹಿಡಿಸಲಿಲ್ಲ. 'ಪಾಪ, ಒಂಟಿ ಪ್ರಾಣಿ, ಅವನಿಗೂ ಸಿನಿಮಾದಲ್ಲಿ ಐದು ನಿಮಿಷ ಕೊಟ್ಟರೆ ನಿಮ್ಮ ಗಂಟೇನು ಹೋಯಿತು?'

ಅಷ್ಟರಲ್ಲಿ ಸ್ವೆಟರ್ ತೊಟ್ಟ ಗಡ್ಡದವನೊಬ್ಬ ಇದೇ ಸಹೋದರರ 'ದಿ ಬಿಗ್ ಲೆಬೌಸ್ಕಿ' (1998) ಎತ್ತಿದ. ಆ ಪಂಥವೇ ಬೇರೆ. ಬಿಡುಗಡೆಯಾದಾಗ ಅಷ್ಟಕ್ಕಷ್ಟೇ ಅನ್ನಿಸಿಕೊಂಡ ಚಿತ್ರಕ್ಕೆ 2002ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಅಭಿಮಾನಿಗಳು ಹಬ್ಬವನ್ನೇ ಶುರುಮಾಡಿದರು: ನಿಲುವಂಗಿ ತೊಟ್ಟು ಬೌಲಿಂಗ್ ಆಡುವುದು, ವೋಡ್ಕಕ್ಕೆ ಕೆನೆ ಬೆರೆಸಿ ಕುಡಿಯುವುದು. ಬೌಲಿಂಗ್ ಎಂದರೆ ಪ್ರಾಣ ಬಿಡುವ ನಾಯಕ ಡ್ಯೂಡ್ ಇಡೀ ಚಿತ್ರದಲ್ಲಿ ಒಮ್ಮೆಯೂ ಚೆಂಡು ಉರುಳಿಸುವುದಿಲ್ಲ ಎಂಬುದು ಇವರು ಹೊಸಬರಿಗೆ ಒಡ್ಡುವ ಮೊದಲ ಒಗಟು.

ಇತ್ತ ಫಾರ್ಗೋದ ಮುನಿಸು ಕರಗಿ ಬಹಳ ಕಾಲವಾಗಿದೆ. 'ಫಾರ್ಗೋ' ಚಿತ್ರದ ಹತ್ತನೇ ವರ್ಷಕ್ಕೆ, 2006ರಲ್ಲಿ, ಊರಿನವರು ಎತ್ತರದ ಹೋಟೆಲೊಂದರ ಗೋಡೆಯನ್ನೇ ತೆರೆ ಮಾಡಿಕೊಂಡು ಈ ಚಿತ್ರ ನೋಡಿದರು, ಅದೂ ಮಾರ್ಚ್ ಚಳಿಯಲ್ಲಿ. ಪೇಟೆಯ ಹಳೆಯ ಫಾರ್ಗೋ ಥಿಯೇಟರಿನಲ್ಲಿ ಮರದಲ್ಲಿ ಕೆತ್ತಿದ ಮಾರ್ಜ್ ನಿಂತಿದ್ದಾಳೆ.

ಈಚೆಗೆ ಜಗಳಕ್ಕೆ ಹೊಸ ಸರಕು ಸಿಕ್ಕಿದೆ. 2018ರ 'ದಿ ಬ್ಯಾಲಡ್ ಆಫ್ ಬಸ್ಟರ್ ಸ್ಕ್ರಗ್ಸ್' ಆದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಚಿತ್ರ ಮಾಡಿದರು. ಜೋಯಲ್ 2021ರಲ್ಲಿ ಕಪ್ಪುಬಿಳುಪಿನ 'ಮ್ಯಾಕ್‌ಬೆತ್', ಈಥನ್ 2024ರಲ್ಲಿ ಪೋಲಿ ತಮಾಷೆಯ 'ಡ್ರೈವ್ ಅವೇ ಡಾಲ್ಸ್'. 'ಗುಟ್ಟು ಬಯಲಾಯಿತಲ್ಲ! ಕತ್ತಲು ಅಣ್ಣನದು, ನಗು ತಮ್ಮನದು' ಎಂದು ಗಡ್ಡದವನು ಬೆರಳು ಮಡಚಿದ.

'ಮ್ಯಾಕ್‌ಬೆತ್‌ನಲ್ಲಿ ಕೊಲೆಯಾದ ಬೆನ್ನಿಗೇ ಕುಡುಕ ದ್ವಾರಪಾಲಕ ಬಂದು ತಮಾಷೆ ಮಾಡುತ್ತಾನಲ್ಲ, ಅದು?' ಎಂದಳು ಅಜ್ಜಿಯ ಮಗಳು.

'ಅದು ಷೇಕ್ಸ್‌ಪಿಯರನ ಲೆಕ್ಕಕ್ಕೆ ಹೋಯಿತು.'

'ಹಾಗಾದರೆ ಆ ಪಾತ್ರಕ್ಕೆ ಸ್ಟೀಫನ್ ರೂಟ್‌ನನ್ನು ಹಾಕಿದ್ದು ಷೇಕ್ಸ್‌ಪಿಯರನೇ?'